ನಕಾಶೆ ಹಿಡಿದವರು, ಮಣ್ಣುಂಡೆ ಹೊತ್ತವರು

ನಮ್ಮ ನಾಲ್ಕು ತಾಲೂಕಿಗೆ ಕಡಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇಲ್ಲಿನವರು ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೆ ದಂಡೆ ಮಾತ್ರ ನಮಗೆ ಬೇಕಾದಷ್ಟಿದೆ. ಕಾವೇರಿಯ ದಂಡೆ, ಲಕ್ಷ್ಮಣತೀರ್ಥದ ದಂಡೆ, ಕಪಿಲೆಯ ದಂಡೆ. ಇವು ಹೊಳೆ ಕೊಟ್ಟ ದಂಡೆಗಳು. ಸರ್ಕಾರ ಕೊಟ್ಟ ದಂಡೆಗಳು ಬೇರೆ ಇವೆ: ಕನ್ನಂಬಾಡಿಯ ಹಿನ್ನೀರು, ನುಗುವಿನ ಹಿನ್ನೀರು, ತಾರಕದ ಹಿನ್ನೀರು, ಕಬಿನಿಯ ಹಿನ್ನೀರು. ಉಳ್ಳಾಲದ ಕಡೆ ಮೀನು ಹಿಡಿಯುವವನ ಮನೆಯನ್ನು ಅಲೆ ತಿಂದರೆ ಅದಕ್ಕೆ ಕಡಲ್ಕೊರೆತ ಅಂತ ಒಂದು ಹೆಸರಾದರೂ ಇದೆ. ನಮ್ಮ ದಂಡೆಯಲ್ಲಿ ಕೂಲಿಯವನ ಮನೆಯನ್ನು ಫೈಲು ತಿಂದರೆ ಅದಕ್ಕೆ ಹೆಸರೂ ಇಲ್ಲ.

ಇದನ್ನು ಬರೆಯುತ್ತಿರುವ ನಾವು ಈ ದಂಡೆಗಳ ಕೇರಿಗಳಲ್ಲಿ ಹುಟ್ಟಿ, ಮನೆಗೆ ಮೊದಲ ಡಿಗ್ರಿ ತಂದವರು. ನಮ್ಮ ಅಪ್ಪಂದಿರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಾವು ಆ ಕಾಗದವನ್ನು ಓದಲು ಕುಳಿತಿದ್ದೇವೆ. ಓದುತ್ತಾ ಓದುತ್ತಾ ಎದ್ದ ಪ್ರಶ್ನೆ ಒಂದೇ. ನಕಾಶೆಯಲ್ಲಿ ಇಲ್ಲದವನು ಮುಳುಗಿದರೆ ಅದು ಮುಳುಗಡೆ ಅನ್ನಿಸಿಕೊಳ್ಳುತ್ತದೆಯೇ? ಅನ್ನಿಸಿಕೊಳ್ಳುವುದಿಲ್ಲ ಎಂದಾದರೆ ನಾವು ಏನು ಕೇಳಬೇಕು? ನಮ್ಮನ್ನೂ ನಕಾಶೆಯೊಳಗೆ ಸೇರಿಸಿ ಅಂತ ಕೇಳಬೇಕೋ, ನಿಮ್ಮ ನಕಾಶೆಯೇ ನಮಗೆ ಬೇಡ ಅನ್ನಬೇಕೋ? ಇದು ಜಮೀನಿನ ಪ್ರಶ್ನೆ ಹೌದು, ಅದಕ್ಕಿಂತ ಮೊದಲು ನ್ಯಾಯದ ಪ್ರಶ್ನೆ.

ಹಳೆಯದರಿಂದ ಶುರುಮಾಡೋಣ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಟಾಲೆಮಿ ಎಂಬುವನು ಎರಡನೇ ಶತಮಾನದಲ್ಲಿ ಇಡೀ ಲೋಕದ ಊರುಗಳ ಪಟ್ಟಿ ಮಾಡಿದ. ಅದರಲ್ಲಿ ಬೆರಿಲ್ ಎಂಬ ಬೆಲೆಬಾಳುವ ಕಲ್ಲು ಸಿಗುವ ‘ಪೌನ್ನಾಟ’ ಇದೆ. ಅದು ನಮ್ಮ ಪುನ್ನಾಟ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರ, ಅಂದರೆ ಕೋಟೆ ತಾಲೂಕಿನ ಕಿತ್ತೂರು. ಹದಿನೆಂಟು ನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆ ಲೋಕದ ನಕಾಶೆಯಲ್ಲಿತ್ತು ಎಂದು ಎದೆ ಉಬ್ಬಿಸಿಕೊಳ್ಳುವವರಿದ್ದಾರೆ. ಉಬ್ಬಿಸಿಕೊಳ್ಳಲಿ. ಆದರೆ ಅಲ್ಲಿ ದಾಖಲಾದದ್ದು ಕಲ್ಲು. ಕಲ್ಲನ್ನು ಅಗೆದವನಲ್ಲ. ಅವತ್ತಿನಿಂದ ಇವತ್ತಿನವರೆಗೆ ನಕಾಶೆಯ ಗುಣ ಇದೇ. ಯಾವುದಕ್ಕೆ ಬೆಲೆಯಿದೆಯೋ ಅದು ಕಾಣುತ್ತದೆ. ಯಾರ ಕೈಯಿಂದ ಆ ಬೆಲೆ ಹುಟ್ಟಿತೋ ಅವರು ಕಾಣುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಕೂಡಲೇ ಇಂಗ್ಲಿಷರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಮೈಸೂರು ಸೀಮೆಯನ್ನು ಅಳೆಸಿದ್ದು. ಕಾಲಿನ್ ಮೆಕೆಂಜಿ ಎಂಬ ಸೈನ್ಯದ ಎಂಜಿನಿಯರು ಸುಮಾರು ಹತ್ತು ವರ್ಷ ಈ ಕೆಲಸ ಮಾಡಿಸಿದ. ಅವನೇ 1815ರಲ್ಲಿ ಇಡೀ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದ. ಗೆದ್ದವನಿಗೆ ಗೆದ್ದದ್ದು ಎಷ್ಟು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಆ ನಕಾಶೆ. ಆಮೇಲೆ 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲಹೊಲಕ್ಕೂ ನಂಬರು ಬಿತ್ತು, ಮೂಲೆಮೂಲೆಗೂ ಬಾಂದುಕಲ್ಲು ಬಿತ್ತು. ಬೆಳೆ ಬಾರದ ಜಾಗ ಖರಾಬು ಆಯಿತು, ದನ ಮೇಯುವ ಜಾಗ ಗೋಮಾಳವಾಯಿತು, ಜನ ಕೂರುವ ಜಾಗ ಗ್ರಾಮಠಾಣಾ ಆಯಿತು. ಕಂದಾಯ ಕೊಡುವ ಹೊಲದ ಅಂಕುಡೊಂಕನ್ನೆಲ್ಲ ಆಣೆ ಲೆಕ್ಕದಲ್ಲಿ ಹಿಡಿದ ಆ ನಕಾಶೆಗೆ, ಆ ಹೊಲವನ್ನು ಉತ್ತವನ ಗುಡಿಸಲು ಎಲ್ಲಿದೆ ಎಂಬುದು ಬೇಕಾಗಿರಲಿಲ್ಲ. ಯಾಕೆಂದರೆ ಗುಡಿಸಲು ಕಂದಾಯ ಕೊಡುವುದಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಸಂಗಾತಿಗಳು ಇದನ್ನು ಗಮನವಿಟ್ಟು ನೋಡಬೇಕು. ಈ ಸರಪಳಿ ಬರುವುದಕ್ಕೆ ಮುಂಚೆ ಊರಿನ ಗಡಿ ಯಾರಿಗೆ ಗೊತ್ತಿತ್ತು? ಗೌಡನಿಗಲ್ಲ, ಶಾನುಭೋಗನಿಗಲ್ಲ. ಹೊಲಗೇರಿಯ ಕುಳವಾಡಿಗೆ. ಮೈಸೂರು ಸೀಮೆಯ ಬಗ್ಗೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟ ಸಂಗತಿ ಇದು. ಎರಡು ಊರಿಗೆ ಗಡಿಯ ಜಗಳ ಬಿದ್ದರೆ ಕುಳವಾಡಿಯ ಮಾತೇ ಕೊನೆಯ ಮಾತು. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ಕುಳವಾಡಿಯ ತಲೆಯ ಮೇಲೆ ಇಡುತ್ತಿದ್ದರು. ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಜಾಡಿನಲ್ಲಿ ನಡೆದರೆ ಉಂಡೆ ಹಾಗೇ ಇರುತ್ತದೆ. ಗಡಿ ದಾಟಿದರೆ ಉಂಡೆ ತಾನಾಗಿಯೇ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ನಂಬಿಕೆ.

ಎಂಥ ವ್ಯವಸ್ಥೆ ನೋಡಿ! ಗಡಿ ಊರಿನವರದು, ಪ್ರಾಣ ಹೊಲೆಯನದು. ಅವನು ಮುಟ್ಟಿದ ನೀರು ಮೈಲಿಗೆ, ಅವನು ಹೊತ್ತ ಮಣ್ಣು ಮಾತ್ರ ಸತ್ಯ. ಊರಿನ ಒಳಗೆ ಅವನಿಗೆ ಕಾಲಿಡಲು ಬಿಡದವರು ಊರಿನ ಅಂಚು ಎಲ್ಲಿದೆ ಅಂತ ತಿಳಿಯಲು ಅವನನ್ನೇ ಕರೆದರು. ನಮ್ಮ ಕೇರಿಯ ಹಿರಿಯರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: “ಗಡಿ ನಮ್ಗೊತ್ತಿತ್ತು ಕನ್ಲಾ ಮಗಾ, ಗಡಿಯೊಳಗೆ ನಮ್ಗೆ ಜಾಗ ಇರ್ನಿಲ್ಲ.”

ಸರ್ವೆಯ ಸರಪಳಿ ಈ ಮಣ್ಣುಂಡೆಯನ್ನು ಕೆಳಗಿಳಿಸಿತು. ಪ್ರಾಣದ ಹೆದರಿಕೆ ಹೋದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಕುಳವಾಡಿಯ ತಿಳಿವೂ ಬೆಲೆ ಕಳೆದುಕೊಂಡಿತು. ಅವನ ಕಾಲಿಗೆ ಗೊತ್ತಿದ್ದದ್ದು ಕಚೇರಿಯ ಬೀರುವಿಗೆ ಹೋಯಿತು. ಬೀರುವಿನ ಬೀಗದ ಕೈ ಓದು ಬಲ್ಲವರ ಸೊಂಟಕ್ಕೆ ಹೋಯಿತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು 1961ರಲ್ಲಿ ಬಂತು. ತೋಟಿ, ತಳವಾರ, ನೀರುಗಂಟಿಗಳು ಬಿಟ್ಟಿ ಚಾಕರಿಯಿಂದ ಬಿಡುಗಡೆಯಾದರು. ಆ ಚಾಕರಿಗೆ ಕೊಟ್ಟಿದ್ದ ಇನಾಮಿನ ಚೂರು ಜಮೀನನ್ನು ತಮ್ಮ ಕೈಯಲ್ಲಿ ಉಳಿಸಿಕೊಳ್ಳಲು ಮತ್ತೆ ಅದೇ ಕಚೇರಿಯ ಬಾಗಿಲಲ್ಲಿ ನಿಂತರು. ಕೈತಪ್ಪಿದ ಮಂಜೂರಾತಿ ಜಮೀನನ್ನು ದಲಿತರಿಗೆ ವಾಪಸು ಕೊಡಿಸುವ ಪಿಟಿಸಿಎಲ್ ಕಾಯಿದೆ 1978ರಲ್ಲಿ ಬಂತು. ಅದನ್ನು ತಂದ ಮುಖ್ಯಮಂತ್ರಿ ದೇವರಾಜ ಅರಸು ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು ಎಂಬುದು ನಮಗೆಲ್ಲ ಗೊತ್ತು. ಕಾನೂನು ನಮ್ಮ ಮಣ್ಣಿನವರೇ ತಂದದ್ದು. ಆದರೂ ಅದರ ಪ್ರಯೋಜನ ಸಿಗಬೇಕಾದರೆ ಮೊದಲು ಕಾಗದ ಬೇಕು. ಸರ್ವೆ ನಂಬರು ಎಷ್ಟು? ಚೆಕ್ಕುಬಂದಿ ಏನು? ಗಡಿಯನ್ನು ತಲೆಯ ಮೇಲೆ ಹೊತ್ತವನ ಮೊಮ್ಮಗನನ್ನು ‘ನಿನ್ನ ಗಡಿ ಯಾವುದಯ್ಯ, ತೋರಿಸು’ ಅಂತ ಕೇಳುತ್ತಾರೆ.

ಈಗ ನೀರಿನ ಮಾತಿಗೆ ಬರೋಣ. ಕಬಿನಿಗೆ ಅಣೆಕಟ್ಟು ಕಟ್ಟುವ ಕೆಲಸ 1959ರಲ್ಲಿ ಶುರುವಾಗಿ 1974ಕ್ಕೆ ಮುಗಿಯಿತು. ಕಾಕನಕೋಟೆಯ ಕಾಡು ಮುಳುಗುವ ಮುಂಚೆ, 1971ರಲ್ಲಿ, ಕೊನೆಯ ಖೆಡ್ಡಾ ನಡೆಯಿತು. ಆನೆಯ ಜಾಡು ಹಿಡಿದು ಅಟ್ಟಲು ಜೇನುಕುರುಬರೇ ಬೇಕಾಗಿತ್ತು. ಆಮೇಲೆ ನೀರು ಬಂತು. 22 ಊರು, 14 ಮಜರೆ ಮುಳುಗಿದವು ಎಂದು ಲೆಕ್ಕ ಹೇಳುತ್ತದೆ. ಪುನ್ನಾಟದ ರಾಜಧಾನಿಯೂ ನೀರೊಳಗೆ ಹೋಯಿತು. ಈ ಲೆಕ್ಕದೊಳಗೆ ಕೇರಿಗಳೆಷ್ಟು, ಹಾಡಿಗಳೆಷ್ಟು? ಊರಿನ ಹೆಸರಿನೊಳಗೆ ಕೇರಿಯ ಹೆಸರು ಕರಗಿಹೋಗುತ್ತದೆ. ಮಾರಮ್ಮನ ಕೊಂಡ ಹಾಯುವಾಗ ಬೇರೆಯಾಗಿದ್ದ ಕೇರಿ, ಬಾವಿಯ ನೀರು ಸೇದುವಾಗ ಬೇರೆಯಾಗಿದ್ದ ಕೇರಿ, ಮುಳುಗಡೆಯ ಲೆಕ್ಕ ಬರೆಯುವಾಗ ಮಾತ್ರ ಊರಿನೊಂದಿಗೆ ಒಂದಾಯಿತು.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯಿದೆ. ಅದು ನೋಡುತ್ತಿದ್ದದ್ದು ನೆಲದ ಹಕ್ಕನ್ನು. ಹತ್ತು ಎಕರೆಯ ಗೌಡನಿಗೆ ಹತ್ತು ಎಕರೆಯ ಪರಿಹಾರ. ಆ ಹತ್ತು ಎಕರೆಯಲ್ಲಿ ಮೂರು ತಲೆಮಾರು ನಾಟಿ ಹಾಕಿ, ಕಳೆ ಕಿತ್ತು, ಕಣ ಮಾಡಿದ ಆಳಿನ ಮನೆಯವರಿಗೆ ಆ ಕಾಯಿದೆಯಲ್ಲಿ ಹಕ್ಕಿನ ಪರಿಹಾರವಿರಲಿಲ್ಲ. ಗೌಡ ಕಳೆದುಕೊಂಡದ್ದು ಜಮೀನು. ಆಳು ಕಳೆದುಕೊಂಡದ್ದು ಕೆಲಸ, ಸುಗ್ಗಿಯ ಭತ್ತ, ಹೊಳೆಯ ಮೀನು, ಕಾಡಿನ ಸೌದೆ, ಹೆತ್ತವರ ಗೋರಿ. ಇವು ಯಾವುದಕ್ಕೂ ಸರ್ವೆ ನಂಬರಿಲ್ಲ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅವನು ಏನನ್ನೂ ಕಳೆದುಕೊಳ್ಳಲಿಲ್ಲ. ಭೂಮಿ ಹೋದಾಗ ಕೂಲಿಯವರು, ಗೇಣಿಯವರು, ಕಾಡುತ್ಪನ್ನ ಆಯುವವರೂ ಬಾಧಿತರೇ ಎಂದು ಒಪ್ಪಿದ್ದು 2013ರ ಹೊಸ ಕಾಯಿದೆ. ಒಬ್ಬ ಕೂಲಿಗೆ ಊರೊಂದಿತ್ತು ಎಂದು ಒಪ್ಪಲು ಈ ದೇಶದ ಕಾನೂನಿಗೆ 119 ವರ್ಷ ಬೇಕಾಯಿತು. ಅಷ್ಟರಲ್ಲಿ ಕಬಿನಿಯ ಕಾಲುವೆ ಕೆಳಗಿನ ನಂಜನಗೂಡಿನ ಕಡೆ ಹರಿದು ಗದ್ದೆಗಳು ಹಸಿರಾಗಿ ನಲವತ್ತು ವರ್ಷವಾಗಿತ್ತು.

ಕಂದಾಯದ ದಾಖಲೆಯಲ್ಲಿ ಒಂದು ಪದವಿದೆ: ಬೇಚರಾಕ್. ಜನ ಬಿಟ್ಟುಹೋದ ಊರನ್ನು ಬೇಚರಾಕ್ ಗ್ರಾಮ ಅಂತ ಬರೆಯುತ್ತಾರೆ. ಪಾರ್ಸಿಯಲ್ಲಿ ಚಿರಾಗ್ ಅಂದರೆ ದೀಪ. ಬೇಚಿರಾಗ್ ಅಂದರೆ ದೀಪವಿಲ್ಲದ್ದು. ಕಂದಾಯ ಇಲಾಖೆಯ ಒಣಪದಗಳ ನಡುವೆ ಇಷ್ಟು ಕರುಣೆಯ ಪದ ಹೇಗೆ ಉಳಿಯಿತೋ! ದೀಪ ಆರಿದರೂ ಆ ಊರಿಗೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ, ನಕಾಶೆಯಿದೆ. ಇನ್ನೊಂದು ಕಡೆ ನಾಗರಹೊಳೆಯ ಅಂಚಿನ ಹಾಡಿ ನೋಡಿ. ಅಲ್ಲಿ ದಿನಾ ಸಂಜೆ ಒಲೆ ಉರಿಯುತ್ತದೆ, ಮಕ್ಕಳು ಅಳುತ್ತವೆ, ಮುದುಕರು ಕೆಮ್ಮುತ್ತಾರೆ. ಕಾಗದದಲ್ಲಿ ಅದು ಅರಣ್ಯ. ದೀಪವಿಲ್ಲದ ಊರಿಗೆ ಹೆಸರುಂಟು, ದೀಪವಿರುವ ಹಾಡಿಗೆ ಹೆಸರಿಲ್ಲ.

ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ಮುಂಚಿನಿಂದಲೂ ಜೇನುಕುರುಬ, ಬೆಟ್ಟಕುರುಬ, ಯರವರನ್ನು ಕಾಡಿನಿಂದ ಹೊರಗೆ ತಳ್ಳುವುದು ನಡೆದೇ ಇತ್ತು. ಹೈಕೋರ್ಟಿನ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡವರು 3,418 ಕುಟುಂಬ ಎಂದಿದೆ. ಕಾಡಿನವರನ್ನು ಹೊರಗೆ ಕಳಿಸಿದ ಅದೇ ಕಾಡಿನೊಳಗೆ ದೊಡ್ಡ ಕಂಪನಿಯ ಹೋಟೆಲು ಏಳತೊಡಗಿದಾಗ ಆದಿವಾಸಿಗಳೇ ಅಡ್ಡ ನಿಂತರು. 1997ರಲ್ಲಿ ಹೈಕೋರ್ಟು ಆ ಹೋಟೆಲನ್ನು ತಡೆಯಿತು. ಈಗ ಕಬಿನಿಯ ಹಿನ್ನೀರಿನ ಮೇಲೆ ಮೂರು ನಕಾಶೆಗಳಿವೆ. ಕಂದಾಯದವರಿಗೆ ಅದು ಮುಳುಗಡೆ ಜಾಗ. ಅರಣ್ಯದವರಿಗೆ ಆನೆ ನೀರು ಕುಡಿಯುವ ಜಾಗ. ಪ್ರವಾಸಿಗರಿಗೆ ಸಫಾರಿಯ ಜಾಗ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದಾರಿಯ ಗುರುತು ನೋಡಿ ‘ಇದು ನಮ್ಮ ಹಿತ್ತಲು’ ಅನ್ನುವವರ ನಾಲ್ಕನೇ ನಕಾಶೆ ಯಾರ ಕೈಯಲ್ಲೂ ಇಲ್ಲ.

ಹಾಗಾದರೆ ನಕಾಶೆ ಬದಲಾಗದ ವಸ್ತುವೇ? ಅಲ್ಲವೇ ಅಲ್ಲ. ಮನಸ್ಸಿದ್ದರೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ತಾಲೂಕುಗಳೇ ಸಾಕ್ಷಿ. ಕಾವೇರಿಯ ದಂಡೆಯ ಎಡತೊರೆಗೆ ನೆರೆಯ ಕಾಟವಿತ್ತು. ಹೊಳೆಯಿಂದ ದೂರಕ್ಕೆ ಹೊಸ ಪಟ್ಟಣವನ್ನೇ ಕಟ್ಟಿ ಕೃಷ್ಣರಾಜನಗರ ಅಂತ ದೊರೆಯ ಹೆಸರಿಟ್ಟರು. ತಾಲೂಕಿನ ಹೆಸರೂ ಬದಲಾಯಿತು. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ದೇಶ ಕಳೆದುಕೊಂಡು ಬಂದ ಟಿಬೆಟಿನವರಿಗೆ ಸುಮಾರು 3,000 ಎಕರೆ ಗುರುತಿಸಿ ಕೊಟ್ಟರು. ಇದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ನೆಲ ಕಳೆದುಕೊಂಡವರ ಸಂಕಟ ನಮಗಲ್ಲದೆ ಇನ್ಯಾರಿಗೆ ಗೊತ್ತು? ಅವರಿಗೆ ಕೊಟ್ಟದ್ದು ನ್ಯಾಯ. ನಾವು ಹೇಳುವುದು ಇಷ್ಟೆ: ಹಿಮಾಲಯದಾಚೆಯಿಂದ ಬಂದವರಿಗೆ ನಕಾಶೆಯಲ್ಲಿ ಜಾಗ ಮಾಡಬಲ್ಲ ಸರ್ಕಾರಕ್ಕೆ, ಹತ್ತು ಮೈಲಿ ಆಚೆಯ ಹಾಡಿಯಿಂದ ಎದ್ದು ಬಂದವರಿಗೆ ಜಾಗ ಮಾಡುವುದು ಆಗದ ಕೆಲಸವೇನೂ ಆಗಿರಲಿಲ್ಲ.

ಇದಕ್ಕಿಂತ ಕಹಿಯಾದ ಸಂಗತಿ ಬೇರೆಯಿದೆ. ಅದನ್ನು ಸರ್ಕಾರದ ತಲೆಗೆ ಮಾತ್ರ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನೀರು ಜಾತಿ ನೋಡಲಿಲ್ಲ. ಗೌಡರ ತೊಟ್ಟಿಮನೆಯನ್ನೂ ಹೊಲೆಯರ ಗುಡಿಸಲನ್ನೂ ಒಂದೇ ಮಟ್ಟಕ್ಕೆ ಮುಳುಗಿಸಿತು. ಊರಿಗೂ ಕೇರಿಗೂ ನಡುವೆ ಇದ್ದ ಗೆರೆ ಅಳಿಸಿಹೋಯಿತು. ಹೊಸ ಊರು ಕಟ್ಟುವವರ ಕೈಯಲ್ಲಿ ಬಿಳಿಯ ಹಾಳೆ ಇತ್ತು. ಆ ಹಾಳೆಯ ಮೇಲೆ ಏನು ಬರೆದರು? ಊರು ಇಲ್ಲಿ, ಕಾಲೋನಿ ಅಲ್ಲಿ. ಮಣ್ಣು ಹೊಸದು, ಬೀದಿ ಹೊಸದು, ಬೋರಿನ ನೀರು ಹೊಸದು. ಗೆರೆ ಮಾತ್ರ ಹಳೆಯದು.

ಅಸ್ಪೃಶ್ಯರು ಯಾಕೆ ಊರ ಹೊರಗೆ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಬಾಬಾಸಾಹೇಬರು 1948ರ ತಮ್ಮ ಪುಸ್ತಕದಲ್ಲಿ ಎತ್ತಿದರು. ಎಲ್ಲರೂ ಸಹಜ ಅಂದುಕೊಂಡದ್ದನ್ನು ಪ್ರಶ್ನೆ ಮಾಡಿದ್ದೇ ಅವರ ದೊಡ್ಡತನ. ನಮ್ಮ ದಂಡೆಯ ಚರಿತ್ರೆ ಆ ಪ್ರಶ್ನೆಗೆ ಇನ್ನೊಂದು ಸಾಕ್ಷಿ ಕೊಡುತ್ತದೆ. ಕೇರಿ ಊರ ಹೊರಗಿರುವುದು ನೆಲದ ಗುಣವಲ್ಲ. ನೆಲವೇ ಮುಳುಗಿದರೂ ಅದು ಮುಳುಗಲಿಲ್ಲ. ಗೆರೆ ಇದ್ದದ್ದು ಮಣ್ಣಿನಲ್ಲಲ್ಲ, ಗೆರೆ ಎಳೆಯುವ ಕೈಯಲ್ಲಿ.

ಇದು ಗೊತ್ತಾದ ಮೇಲೆ ನಮ್ಮ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಕೆಲವು ಗೆಳೆಯರು ಹೇಳುತ್ತಾರೆ: ನಕಾಶೆಯೇ ಆಳುವವರ ಆಯುಧ, ಅದರೊಳಗೆ ಸೇರಿಸಿ ಅಂತ ಕೇಳುವುದೇ ಗುಲಾಮಗಿರಿ. ಕೇರಿಯನ್ನು ಕೇರಿ ಅಂತ ನಕಾಶೆಯಲ್ಲಿ ಬರೆಸಿದರೆ ಬೇಲಿಗೆ ಸರ್ಕಾರದ ಮೊಹರು ಒತ್ತಿಸಿದ ಹಾಗಾಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಇನ್ನು ಕೆಲವರು ಹೇಳುತ್ತಾರೆ: ಹಕ್ಕುಪತ್ರವಿಲ್ಲದೆ ಬ್ಯಾಂಕಿನಲ್ಲಿ ಸಾಲವಿಲ್ಲ, ಮನೆ ಮಂಜೂರಾಗುವುದಿಲ್ಲ, ಕರೆಂಟಿಗೂ ಅರ್ಜಿ ಹಿಡಿದು ಅಲೆಯಬೇಕು, ಸಿದ್ಧಾಂತ ಇರಲಿ ಮೊದಲು ನಂಬರು ಹಾಕಿಸಿ. ಇದರಲ್ಲೂ ಸತ್ಯವಿದೆ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಗು ಎತ್ತಿಕೊಂಡು ಕೂತ ತಾಯಿಗೆ ‘ನಕಾಶೆ ಆಳುವವರ ಆಯುಧ ಕಣವ್ವಾ’ ಅಂತ ಭಾಷಣ ಮಾಡುವುದು ನಮ್ಮಿಂದಾಗದು.

ನಮ್ಮ ಉತ್ತರ ಇದು. ನಕಾಶೆ ಬೇಕು. ಆದರೆ ಅದನ್ನು ಬರೆಯುವ ಕೈಯೂ ನಮ್ಮದಾಗಬೇಕು. ಹೆಸರು ಸೇರಿಸಿ ಅಂತ ಬೇಡುವುದು ಬೇರೆ, ನಮ್ಮ ಊರನ್ನು ನಾವೇ ಬರೆಯುತ್ತೇವೆ ಎನ್ನುವುದು ಬೇರೆ. ಮೊದಲನೆಯದು ಅರ್ಜಿ. ಎರಡನೆಯದು ಹಕ್ಕು.

ಇದು ಬರೀ ಕವಿಗಳ ಕನಸಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಓದಿ ನೋಡಿ. ಹಕ್ಕಿನ ಅರ್ಜಿಯನ್ನು ತೆಗೆದುಕೊಳ್ಳುವುದು, ಪರಿಶೀಲಿಸುವುದು, ನಕಾಶೆ ತಯಾರಿಸುವುದು ಮೊದಲಿಗೆ ಗ್ರಾಮಸಭೆಯ ಕೆಲಸ ಎಂದು ಅದು ಹೇಳುತ್ತದೆ. ಅದರ ನಿಯಮಗಳ ಪ್ರಕಾರ ಬಾವಿ, ಗೋರಿಗಳ ಜಾಗ, ದೇವರ ಬನ ಎಲ್ಲವೂ ಸಾಕ್ಷಿ. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ಪವಿತ್ರ ತಾಣಗಳನ್ನು ತಾವೇ ಗುರುತಿಸಿ ನಕಾಶೆ ಮಾಡಿದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯದ ಅರಣ್ಯ ಹಕ್ಕು ಪಡೆದರು. ಗೋರಿಯೇ ಬಾಂದುಕಲ್ಲು ಎಂದು ಒಂದು ಕಾನೂನು ಒಪ್ಪಿದೆ ಎಂದಾಯಿತು. ಕಾಡಿಗೆ ಒಪ್ಪಿದ ನ್ಯಾಯವನ್ನು ಕೇರಿಗೆ ಯಾಕೆ ಒಪ್ಪಬಾರದು? ಹಿನ್ನೀರಿನ ದಂಡೆಗೆ ಯಾಕೆ ಒಪ್ಪಬಾರದು? ದಾಖಲೆಯಿಲ್ಲದ ಹಟ್ಟಿ, ಹಾಡಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ಅಲ್ಲೂ ನಾವು ಕೇಳಬೇಕಾದ್ದು ಹಕ್ಕುಪತ್ರದ ಜೊತೆಗೆ ಇದನ್ನೇ: ಅಳೆಯುವ ದಿನ ಯಾರು ಮುಂದೆ ನಡೆದರು? ಯಾರ ಮಾತು ಬರೆದುಕೊಂಡರು? ಹೊಸ ಬಡಾವಣೆಯನ್ನು ಊರಿಗೆ ಅಂಟಿಸಿದರೋ, ಊರಿನಿಂದ ಮತ್ತೆ ದೂರ ತಳ್ಳಿದರೋ?

ಈಗ ಸರಪಳಿ ಹೋಗಿ ಡ್ರೋನ್ ಬಂದಿದೆ. ದಿಶಾಂಕ್ ಅಂತ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರನ್ನು ಫೋನೇ ಹೇಳುತ್ತದೆ. ಇದನ್ನು ನಾವು ತಿರಸ್ಕರಿಸಬೇಕಿಲ್ಲ. ಬೀರುವಿನ ಬೀಗ ಸ್ವಲ್ಪ ಸಡಿಲವಾಗಿದೆ. ಆದರೆ ಆಕಾಶದಿಂದ ನೋಡುವ ಕಣ್ಣಿಗೆ ಹೆಂಚು ಕಾಣುತ್ತದೆ, ಹೆಂಚಿನ ಕೆಳಗಿನ ಚರಿತ್ರೆ ಕಾಣುವುದಿಲ್ಲ. ಅದನ್ನು ಬರೆಯುವವರು ಕೆಳಗೆ ನಿಂತಿರಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ನಮ್ಮದೊಂದು ಮಾತು. ಭೂಗೋಳದ ಪಾಠದಲ್ಲಿ ಮಕ್ಕಳಿಗೆ ಇಂಡಿಯಾದ ನಕಾಶೆ ಬರೆಸುತ್ತೀರಿ. ಬರೆಸಿ. ಒಂದು ದಿನ ಅವರವರ ಊರನ್ನೂ ಬರೆಸಿ. ಗುಡಿ, ಪಂಚಾಯಿತಿಯ ಜೊತೆಗೆ ಕೇರಿ, ಕೇರಿಯ ಬಾವಿ, ಗೋರಿಗಳ ಜಾಗ, ದನ ಹೊಡೆಯುವ ದಾರಿ, ಅವ್ವಂದಿರು ಸೌದೆಗೆ ಹೋಗುವ ಕಾಲುದಾರಿ ಇವನ್ನೆಲ್ಲ ಬರೆಯಲಿ. ಮುಳುಗಡೆಯ ಊರಿನಿಂದ ಎದ್ದು ಬಂದ ಮುದುಕ ಮುದುಕಿಯರನ್ನು ಕೂರಿಸಿಕೊಂಡು, ನೀರೊಳಗಿನ ಊರನ್ನು ಅವರು ಹೇಳಿದ ಹಾಗೆ ಬರೆದುಕೊಳ್ಳಿ. ಹೇಳುವವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಹೋದರೆ ಆ ಊರು ಎರಡನೇ ಸಲ ಮುಳುಗುತ್ತದೆ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಇಡಿ. ‘ಇದಕ್ಕೆ ಸರ್ಕಾರದ ಮೊಹರಿಲ್ಲ’ ಅಂತ ಯಾರಾದರೂ ಅಂದರೆ ಹೇಳಿ: ಮೊಹರು ನೀವು ಹಾಕಿ, ಗಡಿ ನಮಗೆ ಗೊತ್ತು.

ಮಣ್ಣುಂಡೆಯನ್ನು ಇನ್ನು ತಲೆಯ ಮೇಲೆ ಹೊರುವುದು ಬೇಡ. ಅದು ಒಡೆದರೆ ಸಾಯುವವರು ನಾವೊಬ್ಬರೇ ಆಗುವುದೂ ಬೇಡ. ಆದರೆ ಆ ಉಂಡೆಯಲ್ಲಿದ್ದ ಮಣ್ಣು ನಮ್ಮದು. ಅದರ ಮೇಲೆ ಮುಂದಿನ ಗೆರೆ ಎಳೆಯುವ ಮೊದಲು ಎಲ್ಲರೂ ಒಂದು ಗಳಿಗೆ ನಿಂತು ಯೋಚಿಸಲಿ. ಗೆರೆ ಎಳೆಯದೆಯೂ ಊರು ಕಟ್ಟಬಹುದು.